ಕೆಲಸಗಾರರ ನಂಬಿಕೆಯನ್ನು ಗಳಿಸುವುದು, ಉಳಿಸಿಕೊಳ್ಳುವುದು ಹೇಗೆ?

ಶಿವಮೊಗ್ಗದ ಮಾಚೇನಹಳ್ಳಿಯ ಫೌಂಡ್ರಿಯಿರಲಿ, ತೀರ್ಥಹಳ್ಳಿ ಕಡೆಯ ಸಹಕಾರ ಸಂಘವಿರಲಿ, ಸಾಗರದ ಅಡಿಕೆ ವಖಾರಿಯಿರಲಿ, ದುಡಿಯುವವರು ತಮ್ಮ ಮುಖ್ಯಸ್ಥರನ್ನು ಅಳೆಯುವುದು ಲೆಕ್ಕದಿಂದಲೇ. ಹಾಗಾಗಿ ಮೊದಲ ಹೆಜ್ಜೆ ಸಂಬಳದ್ದು. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಭವಿಷ್ಯನಿಧಿಗೆಂದು ಮುರಿದುಕೊಂಡ ಹಣ, ಮಾಲೀಕರ ಪಾಲಿನೊಂದಿಗೆ, 15ರೊಳಗೆ ಜಮೆಯಾಗಬೇಕು. ಪಾಸ್‌ಬುಕ್ ಈಗ ಮೊಬೈಲಿನಲ್ಲೇ ಕಾಣುವುದರಿಂದ, ಮುರಿದ ಹಣ ಖಾತೆಗೆ ಬಾರದಿದ್ದರೆ ಆ ಸುದ್ದಿ ಎಲ್ಲರಿಗೂ ತಲುಪಲು ಒಂದು ಊಟದ ಬಿಡುವು ಸಾಕು.

ಎರಡನೆಯದು ಅಳತೆ. ಇದನ್ನು ಹಲವರು ಹಗುರವಾಗಿ ಕಾಣುತ್ತಾರೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಇದೇ. ಅಡಿಕೆ ಸುಲಿಯುವವರಿಗೆ ಕೂಲಿ ಸುಲಿದಷ್ಟಕ್ಕೆ ಸಿಗುತ್ತದೆ. ರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿದ ಹೆಂಗಸು ಮನೆಗೆ ಹೊರಟ ಮೇಲೆ ತೂಕ ಹಾಕಿದರೆ, ತೂಕ ಸರಿಯಿದ್ದರೂ ಅನುಮಾನ ಉಳಿಯುತ್ತದೆ. ಅವರೆದುರಿಗೇ ತೂಗಿ, ಮುಳ್ಳು ನಿಂತ ಮೇಲೆ ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಿ, ನಿಮ್ಮ ಪುಸ್ತಕದಲ್ಲಿಯೂ ಅವರ ಚೀಟಿಯಲ್ಲಿಯೂ ಬರೆಯಿರಿ. ಹಸಿ ಕಾಯಿಯೆಂದೋ ಸಿಪ್ಪೆಯೆಂದೋ ಕಳೆಯುವುದಿದ್ದರೆ, ಎಷ್ಟು ಕಳೆಯುತ್ತೀರೆಂಬುದನ್ನು ಕೊಯ್ಲು ಶುರುವಾಗುವ ಮೊದಲೇ ತಿಳಿಸಿರಿ.

ರಜೆಯ ನಿಯಮ ಎಲ್ಲರಿಗೂ ಒಂದೇ ಇರಲಿ. ಮಲೆನಾಡಿನಲ್ಲಿ ನಾಟಿಯ ಸಮಯಕ್ಕೆ ರಜೆ ಕೇಳುವವರು ಹೆಚ್ಚು, ಮಳೆಗಾಲದಲ್ಲಿ ಹೊಸನಗರದ ಕಡೆಯ ಬಸ್ಸು ತಡವಾಗುವುದೂ ಹೊಸತಲ್ಲ. ಮುಖ್ಯಸ್ಥರ ನೆಂಟನಿಗೆ ಮಾಫಿ ಆದ ತಡ ಇನ್ನೊಬ್ಬರ ಅರ್ಧ ದಿನದ ಸಂಬಳವನ್ನು ತಿಂದರೆ, ಆ ತಾರತಮ್ಯವನ್ನು ಯಾರೂ ಮರೆಯುವುದಿಲ್ಲ.

ದೂರು ಕೇಳುವವರು ಯಾರೆಂಬುದು ಗೊತ್ತಿರಬೇಕು, ಉತ್ತರ ಯಾವ ದಿನ ಸಿಗುತ್ತದೆಂಬುದನ್ನೂ ಹೇಳಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ, ಲೈಂಗಿಕ ಕಿರುಕುಳದ ದೂರುಗಳಿಗಾಗಿ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಕಡ್ಡಾಯ; ಅದರ ಅಧ್ಯಕ್ಷೆ ಮಹಿಳೆಯೇ ಆಗಿರಬೇಕು. ದೂರು ಕೊಟ್ಟವರ ಹೆಸರು ಚಹಾದಂಗಡಿಗೆ ತಲುಪಿದರೆ, ಮುಂದೆ ಬಾಯಿ ಬಿಡುವ ಧೈರ್ಯ ಯಾರಿಗೂ ಬರುವುದಿಲ್ಲ.

ಕೆಟ್ಟ ಸುದ್ದಿಯನ್ನು ಮುಚ್ಚಿಡಬೇಡಿ. ಆರ್ಡರ್ ಕಡಿಮೆಯಾಗಿ ಪಾಳಿ ಇಳಿಸಬೇಕಾದಾಗ, ಗುಸುಗುಸು ಹಬ್ಬುವ ಮೊದಲೇ ಎಲ್ಲರನ್ನೂ ಕರೆದು, ಎಷ್ಟು ದಿನ, ಯಾವ ವಿಭಾಗ, ಕೂಲಿ ಏನಾಗುತ್ತದೆ ಎಂಬುದನ್ನು ಮುಖ್ಯಸ್ಥರೇ ಹೇಳಬೇಕು. ಈ ಮಾತನ್ನು ಮೇಸ್ತ್ರಿಯ ಬಾಯಲ್ಲಿ ಹೇಳಿಸುವುದು ಸರಿಯಲ್ಲ.

ಇಷ್ಟಾಗಿಯೂ ಕೊಟ್ಟ ಮಾತು ತಪ್ಪಿತೆನ್ನಿ. ಯಾರೆದುರು ಮಾತು ಕೊಟ್ಟಿರೋ ಅವರೆದುರೇ ತಪ್ಪನ್ನು ಒಪ್ಪಿಕೊಳ್ಳಿ. ಬಾಕಿ ಎಷ್ಟು, ಯಾವ ತಾರೀಖಿಗೆ ಕೊಡುತ್ತೀರಿ ಎಂಬುದನ್ನು ಬರೆದು ಸೂಚನಾ ಫಲಕಕ್ಕೆ ಹಚ್ಚಿರಿ, ಬಾಕಿ ಪೂರ್ತಿ ತೀರುವವರೆಗೆ ಆ ಹಾಳೆಯನ್ನು ತೆಗೆಯಬೇಡಿ.