ಒಂದು ದಿನದ ಟ್ಯಾಟೂ ಪಾಪ್‌ಅಪ್: ತಲೆಗೊಂದು ಪೊಟ್ಟಣ

ಮೊದಲ ಸಲ ಪಾಪ್‌ಅಪ್ಪಿಗೆ, ಅಂದರೆ ಸ್ಟುಡಿಯೋ ಬಿಟ್ಟು ಬೇರೆ ಜಾಗದಲ್ಲಿ ಒಂದು ದಿನ ಟ್ಯಾಟೂ ಹಾಕಲು ಹೋದಾಗ ಎರಡು ದೊಡ್ಡ ಬ್ಯಾಗ್ ತುಂಬ ಸಾಮಾನು ಹೊತ್ತುಕೊಂಡು ಹೋಗಿದ್ದೆ. ಎಲ್ಲವೂ ಇತ್ತು, ಬೇಕಾದಾಗ ಯಾವುದೂ ಕೈಗೆ ಸಿಗಲಿಲ್ಲ. ಮೂರನೆಯವರ ತೋಳಿನ ಮೇಲೆ ಅರ್ಧ ಗೆರೆ ಎಳೆದಿದ್ದೆ, ಟಿಶ್ಯೂ ಖಾಲಿ. ಗ್ಲೌಸ್ ಬಿಚ್ಚಿ, ಬ್ಯಾಗ್ ತಡಕಿ, ಕೈ ತೊಳೆದು, ಹೊಸ ಗ್ಲೌಸ್ ಹಾಕಿ ಕೂರುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಅವರು ಪಾಪ ತೋಳು ಚಾಚಿಕೊಂಡೇ ಕೂತಿದ್ದರು. ಅವತ್ತಿನಿಂದ ನಾನು ಸಾಮಾನನ್ನು ಡಬ್ಬದ ಲೆಕ್ಕದಲ್ಲಿ ಒಯ್ಯುವುದಿಲ್ಲ, ತಲೆ ಲೆಕ್ಕದಲ್ಲಿ ಒಯ್ಯುತ್ತೇನೆ.

ಹಾಗಾಗಿ ಮೊದಲು ಎಷ್ಟು ಜನ ಅಂತ ತೀರ್ಮಾನ ಮಾಡಿ. ಅಂಗೈಗಿಂತ ಚಿಕ್ಕ, ಬರೀ ಗೆರೆಯ ಡಿಸೈನಿಗೆ ನನಗೆ ಮುಕ್ಕಾಲು ಗಂಟೆ ಬೇಕು. ಅದರ ಹಿಂದೆ ಮುಂದೆ ಒರೆಸಿ, ಹೊಸದಾಗಿ ಜೋಡಿಸಲು 20 ನಿಮಿಷ. ಎಂಟು ಗಂಟೆಯ ದಿನದಲ್ಲಿ ಊಟ, ವಿರಾಮ ಕಳೆದರೆ ಆರು ಜನ ಆಗುತ್ತಾರೆ. ಹತ್ತು ಜನರಿಗೆ ಸಮಯ ಕೊಟ್ಟರೆ ಅವಸರದಲ್ಲಿ ತಪ್ಪುವುದು ಸ್ವಚ್ಛತೆಯೇ. ಆರಕ್ಕೆ ನಿಲ್ಲಿಸಿ.

ಹಿಂದಿನ ರಾತ್ರಿ ಎಂಟು ಜಿಪ್ ಕವರ್ ತೆಗೆದುಕೊಳ್ಳಿ, ಆರು ಜನರಿಗೆ ಆರು, ಎರಡು ಜಾಸ್ತಿ. ಒಂದೊಂದರಲ್ಲೂ ನಾನು ಹಾಕುವುದು ಇಷ್ಟು: ಸೀಲ್ ಒಡೆಯದ ಎರಡು ಸೂಜಿ ಕಾರ್ಟ್ರಿಜ್ (ಸಾಮಾನ್ಯವಾಗಿ 3ಆರ್‌ಎಲ್ ಒಂದು, 7ಆರ್‌ಎಲ್ ಒಂದು, ಅಂದರೆ ಗೆರೆ ಎಳೆಯಲು ದುಂಡಗೆ ಜೋಡಿಸಿದ ಮೂರು ಸೂಜಿಯದು, ಏಳು ಸೂಜಿಯದು), ಇಂಕ್ ಹಾಕಿಕೊಳ್ಳುವ ನಾಲ್ಕು ಪುಟ್ಟ ಕ್ಯಾಪ್, ಒಂದು ಹೊಸ ರೇಜರ್, ಮಡಚಿದ ಟಿಶ್ಯೂ ಹದಿನೈದು, ಟೇಬಲ್ ಮೇಲೆ ಹಾಸಲು ಶೀಟ್, ಮಷೀನಿಗೂ ವೈರಿಗೂ ಪ್ಲಾಸ್ಟಿಕ್ ಕವರ್, ಮುಗಿದ ಟ್ಯಾಟೂ ಮೇಲೆ ಅಂಟಿಸುವ ಫಿಲ್ಮ್. ಕಾರ್ಟ್ರಿಜ್ ಪ್ಯಾಕೆಟ್ ಮೇಲಿನ ಎಕ್ಸ್‌ಪೈರಿ ದಿನಾಂಕವನ್ನು ಈಗಲೇ ನೋಡಿ. ಅದರ ಮೇಲಿನ ಲಾಟ್ ನಂಬರನ್ನು (ಯಾವ ಕಂತಿನಲ್ಲಿ ತಯಾರಾದದ್ದು ಅನ್ನುವ ಗುರುತು) ಟ್ಯಾಟೂ ಹಾಕಿಸಿಕೊಳ್ಳುವವರು ತುಂಬುವ ಫಾರ್ಮಿನಲ್ಲಿ ಬರೆದಿಡಿ. ನಾಳೆ ಯಾರಿಗಾದರೂ ತೊಂದರೆಯಾದರೆ ಅದೊಂದೇ ಸುಳಿವು.

ಗ್ಲೌಸ್ ಮಾತ್ರ ಪೊಟ್ಟಣಕ್ಕೆ ಬೇಡ, ಡಬ್ಬದಲ್ಲೇ ಇರಲಿ. ಒಬ್ಬರಿಗೆ ಐದು ಜೊತೆ ಹಿಡಿಯಿರಿ. 100ರ ಡಬ್ಬ ಅಂದರೆ 50 ಜೊತೆ, ಆರು ಜನರಿಗೆ 30 ಸಾಕು ಅನಿಸುತ್ತದೆ. ಆದರೂ ಎರಡು ಡಬ್ಬ ಒಯ್ಯಿರಿ. ಫೋನ್ ಮುಟ್ಟಿದರೆ ಬದಲಿಸಬೇಕು, ಕುರ್ಚಿ ಎಳೆದರೆ ಬದಲಿಸಬೇಕು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ, ಕಣ್ಣಿಗೆ ಕಾಣದಷ್ಟು ಕಲೆಯೂ ಸಾಕು. ಅದಕ್ಕೇ ಲೈಟಿನ ಹಿಡಿ, ಸ್ಪ್ರೇ ಬಾಟಲಿ, ಕೈ ತಾಗುವ ಎಲ್ಲದಕ್ಕೂ ಪ್ಲಾಸ್ಟಿಕ್ ಹಾಳೆ ಸುತ್ತಿ ಅನ್ನುವುದು. ನೀವು ಲಸಿಕೆ ಹಾಕಿಸಿಕೊಂಡಿದ್ದೀರಿ ಅಲ್ವಾ? ಇಲ್ಲದಿದ್ದರೆ ಪಾಪ್‌ಅಪ್ಪಿಗಿಂತ ಮೊದಲು ಆ ಕೆಲಸ ಆಗಲಿ.

ಜಾಗವನ್ನು ಫೋಟೋದಲ್ಲಿ ನೋಡಿ ಒಪ್ಪಬೇಡಿ, ಹೋಗಿ ನಿಂತು ನೋಡಿ. ಕೈ ತೊಳೆಯುವ ನಲ್ಲಿ ಎಷ್ಟು ಹೆಜ್ಜೆ ದೂರ? ನೆಲ ಒರೆಸಲು ಬರುತ್ತದಾ? ಕಾರ್ಪೆಟ್ ಇದ್ದರೆ ಬೇರೆ ಮೂಲೆ ಕೇಳಿ. ಪ್ಲಗ್ ಎಲ್ಲಿದೆ, ಓಡಾಡುವವರ ಕಾಲಿಗೆ ವೈರ್ ಸಿಗುತ್ತದಾ? ಹೊರಗಡೆ ಟ್ಯಾಟೂ ಹಾಕಲು ಆ ಜಾಗದ ಆರೋಗ್ಯ ಇಲಾಖೆಯ ಅನುಮತಿ ಬೇಕಾ ಅಂತ ಮೊದಲೇ ವಿಚಾರಿಸಿ. ಅನುಮತಿ ಕೈಗೆ ಬರುವ ಮುಂಚೆ ಯಾರಿಂದಲೂ ಮುಂಗಡ ತೆಗೆದುಕೊಳ್ಳಬೇಡಿ.

ಬೆಳಕಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಒಮ್ಮೆ ನನಗೆ ಸಿಕ್ಕಿದ್ದು ಚಾವಣಿಯ ಹಳದಿ ಬಲ್ಬ್ ಮಾತ್ರ. ಬಂದವರದು ಕಂದು ಚರ್ಮ, ಅದರ ಮೇಲೆ ನೇರಳೆ ಸ್ಟೆನ್ಸಿಲ್ (ಗೆರೆ ಎಳೆಯುವ ಮೊದಲು ಚರ್ಮಕ್ಕೆ ಒತ್ತುವ ಡಿಸೈನಿನ ಅಚ್ಚು). ಸ್ಟೆನ್ಸಿಲ್ ಒಣಗಿದ ಮೇಲೆ ನೋಡಿದರೆ ಎಲೆಯ ನರಗಳೇ ಕಾಣುತ್ತಿಲ್ಲ. ನನ್ನ ತಲೆಯ ನೆರಳು ಬೇರೆ ಅದರ ಮೇಲೇ ಬೀಳುತ್ತಿತ್ತು. ಆ ಎಲೆಯನ್ನು ಅವತ್ತು ಹಾಕಲಿಲ್ಲ, ಕ್ಷಮೆ ಕೇಳಿ ಬೇರೆ ದಿನ ಕರೆದೆ. ಈಗ ಬಿಳಿ ಬೆಳಕಿನ ಎರಡು ಸ್ಟ್ಯಾಂಡ್ ಲೈಟ್ ನನ್ನ ಜೊತೆಗೇ ಬರುತ್ತವೆ. ಎಡಕ್ಕೊಂದು, ಬಲಕ್ಕೊಂದು, ನೆರಳು ಒಂದನ್ನೊಂದು ಅಳಿಸುವ ಹಾಗೆ. ಸ್ಟೆನ್ಸಿಲ್ ಒತ್ತಿದ ಮೇಲೆ ಹತ್ತು ನಿಮಿಷ ಸುಮ್ನೆ ಬಿಡಿ. ಆ ಹೊತ್ತಿನಲ್ಲಿ ಫಾರ್ಮ್ ಓದಿಸಿ.

ಡಿಸೈನ್ ಹತ್ತು ಹನ್ನೆರಡು ಸಾಕು, ಒಂದು ಹಾಳೆಯಲ್ಲಿ ಬಿಡಿಸಿ ತಗುಲಿಹಾಕಿ. ಎಲ್ಲದರ ಸ್ಟೆನ್ಸಿಲ್ ಎರಡೆರಡು ಅಳತೆಯಲ್ಲಿ ಮೊದಲೇ ತೆಗೆದಿಡಿ. ಅಲ್ಲೇ ಕೂತು ಹೊಸದು ಬಿಡಿಸಿ ಕೊಡಿ ಅಂದರೆ ಸ್ಟುಡಿಯೋಗೆ ಕರೆಯಿರಿ.

ಫಾರ್ಮಿನಲ್ಲಿ ವಯಸ್ಸು, ಅಲರ್ಜಿ, ರಕ್ತ ತೆಳುವಾಗುವ ಮಾತ್ರೆ, ಗರ್ಭಿಣಿಯಾ ಅನ್ನುವ ಪ್ರಶ್ನೆಗಳು ಇರಲೇಬೇಕು. ಗುರುತಿನ ಚೀಟಿ ನೋಡಿ, 18 ತುಂಬದಿದ್ದರೆ ಬೇಡ. ಕುಡಿದು ಬಂದವರಿಗೂ ಬೇಡ, ಸ್ನೇಹಿತರೇ ಆಗಿರಲಿ. ಊಟ ಮಾಡಿದ್ದೀರಾ ಅಂತ ತಪ್ಪದೆ ಕೇಳಿ. ಖಾಲಿ ಹೊಟ್ಟೆಯಲ್ಲಿ ಕೂತವರು ತಲೆ ಸುತ್ತಿ ಬೀಳುವುದುಂಟು. ಹತ್ತಿರದಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ, ಮಲಗಿಸಿ ಕಾಲು ಎತ್ತರಕ್ಕೆ ಇಡಲು ಜಾಗ ಇರಲಿ.

ಇಂಕ್ ತೆಳು ಮಾಡಲು ನಲ್ಲಿ ನೀರು ಮುಟ್ಟಲೇಬೇಡಿ, ಸೀಲ್ ಇರುವ ಸ್ಟೆರೈಲ್ ನೀರೇ ಬೇಕು. ಟೇಬಲ್ ಒರೆಸುವ ಡಿಸಿನ್‌ಫೆಕ್ಟೆಂಟ್ ಹಚ್ಚಿದ ಕೂಡಲೇ ಒಣಗಿಸಬೇಡಿ. ಬಾಟಲಿ ಮೇಲೆ ಬರೆದಷ್ಟು ನಿಮಿಷ ಅದು ಒದ್ದೆಯಾಗಿಯೇ ಇರಬೇಕು.

ಆರೈಕೆಯ ಸೂಚನೆ ಮುದ್ರಿಸಿ ಕೈಗೇ ಕೊಡಿ. ಎರಡು ಮೂರು ವಾರ ಈಜು ಬೇಡ, ಬಿಸಿಲು ಬೇಡ, ಕೆರೆಯಬೇಡಿ. ಕೀವು, ಜ್ವರ, ಹರಡುವ ಕೆಂಪು ಕಂಡರೆ ಡಾಕ್ಟರ ಹತ್ತಿರ ಹೋಗಿ.

ಸೂಜಿಗೆ ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬ ಬೇಕು, ಟೇಬಲ್ ಪಕ್ಕದಲ್ಲೇ. ಮುಕ್ಕಾಲು ತುಂಬಿದಾಗ ಮುಚ್ಚಿ ಇನ್ನೊಂದು ತೆಗೆಯಿರಿ. ಆ ಡಬ್ಬ ಪಾಪ್‌ಅಪ್ ನಡೆದ ಜಾಗದ ಕಸದ ಬುಟ್ಟಿಗೆ ಹೋಗಬಾರದು. ಬೆಳಗ್ಗೆ ಅಲ್ಲಿ ಕಸ ಗುಡಿಸುವವರ ಕೈ ಬರಿಗೈ. ನಾನು ಅದನ್ನು ನನ್ನ ಜೊತೆಗೇ ತಂದು, ಸ್ಟುಡಿಯೋದ ವೈದ್ಯಕೀಯ ಕಸ ಒಯ್ಯುವವರಿಗೇ ಕೊಡುತ್ತೇನೆ.