ಹಳೆಯ ದೈತ್ಯಮೃಗ ಚಿತ್ರಗಳ ಡಬ್ಬಿಂಗ್ ಆವೃತ್ತಿ: ಹೋಂ ವಿಡಿಯೋ ಹಕ್ಕು ಪಡೆಯುವ ಬಗೆ

ಹಕ್ಕು ಕೇಳಿ ಪತ್ರ ಬರೆಯುವ ಮೊದಲು ಒಂದು ಹಾಳೆಯಲ್ಲಿ ಚಿತ್ರದ ಹೆಸರಿನ ಜೊತೆಗೆ ಆವೃತ್ತಿಯನ್ನೂ ಬರೆದಿಟ್ಟುಕೊಳ್ಳಿ. ಜಪಾನಿನ ಟೋಹೋ ಕಂಪನಿಯ ಮೊದಲ ಗಾಡ್ಜಿಲ್ಲಾ, 1954ರದ್ದು, 96 ನಿಮಿಷ ಓಡುತ್ತದೆ. ಅದೇ ಚಿತ್ರ 1956ರಲ್ಲಿ ಅಮೆರಿಕದಲ್ಲಿ ತೆರೆಕಂಡಾಗ 80 ನಿಮಿಷಕ್ಕೆ ಇಳಿದಿತ್ತು; ಜೊತೆಗೆ ರೇಮಂಡ್ ಬರ್ ಪತ್ರಕರ್ತನಾಗಿ ಕಾಣಿಸಿಕೊಳ್ಳುವ, ಅಮೆರಿಕದಲ್ಲೇ ಹೊಸದಾಗಿ ತೆಗೆದ ದೃಶ್ಯಗಳು ಸೇರಿದ್ದವು. ಅಭಿಮಾನಿಗಳಿಗೆ ಎರಡೂ ಗಾಡ್ಜಿಲ್ಲಾನೇ. ಕರಾರುಪತ್ರದ ಮಟ್ಟಿಗೆ ಎರಡು ಬೇರೆ ಚಿತ್ರ. ಸಹಿಯಾಗಿ ಮುಂಗಡ ಹೋದ ಮೇಲೆ, ತಮಗೆ ಬೇಕಿದ್ದ ಇಂಗ್ಲಿಷ್ ಧ್ವನಿ ಕೊಂಡ ಹಕ್ಕಿನಲ್ಲಿ ಇಲ್ಲವೇ ಇಲ್ಲ ಎಂದು ಗೊತ್ತಾಗುವುದು ಈ ವ್ಯವಹಾರದಲ್ಲಿ ಬೀಳುವ ದೊಡ್ಡ ಪೆಟ್ಟು.

ಡಬ್ಬಿಂಗ್‌ನಲ್ಲೂ ಒಂದೇ ಬಗೆಯಿಲ್ಲ. ವಿದೇಶಕ್ಕೆ ಮಾರಲೆಂದು ಟೋಹೋ ತಾನೇ ಮಾಡಿಸಿದ ಇಂಗ್ಲಿಷ್ ಧ್ವನಿ ಒಂದು. ಅಮೆರಿಕದ ವಿತರಕರು ಅದು ಹಿಡಿಸದೆ ನ್ಯೂಯಾರ್ಕ್‌ನಲ್ಲಿ ತಾವೇ ಮಾಡಿಸಿಕೊಂಡದ್ದು ಇನ್ನೊಂದು. 1968ರ ‘ಡಿಸ್ಟ್ರಾಯ್ ಆಲ್ ಮಾನ್‌ಸ್ಟರ್ಸ್’ ಚಿತ್ರಕ್ಕೆ ಇವೆರಡೂ ಇವೆ: ಟೋಕಿಯೋದಲ್ಲಿ ಟೋಹೋಗಾಗಿ ಆದದ್ದು, ಮತ್ತು 1969ರಲ್ಲಿ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಬಿಡುಗಡೆ ಮಾಡಿದ್ದು. ಜಪಾನಿನ ಇನ್ನೊಂದು ಕಂಪನಿ ದಾಯೇಯಿಯ ದೈತ್ಯ ಆಮೆ ಗಮೇರಾ ಚಿತ್ರಗಳದ್ದೂ ಇದೇ ಕಥೆ. ಕೆಲವಕ್ಕೆ 60ರ ದಶಕದ ಟಿವಿ ಡಬ್ಬಿಂಗ್ ಇದೆ, 80ರ ದಶಕದಲ್ಲಿ ಅಮೆರಿಕದ ವಿತರಕ ಸ್ಯಾಂಡಿ ಫ್ರ್ಯಾಂಕ್ ಹೊರತಂದ ಬೇರೆ ಡಬ್ಬಿಂಗ್ ಕೂಡ ಇದೆ. ಹಾಗಾಗಿ ಕೋರಿಕೆ ಪತ್ರದಲ್ಲಿ “ಇಂಗ್ಲಿಷ್ ಆವೃತ್ತಿ” ಎಂದಷ್ಟೇ ಬರೆದರೆ ಏನನ್ನೂ ಕೇಳಿದಂತಾಗಲಿಲ್ಲ. ಬಿಡುಗಡೆಯ ವರ್ಷ, ವಿತರಕರ ಹೆಸರು, ಓಡುವ ಅವಧಿ, ಶೀರ್ಷಿಕೆ ಕಾರ್ಡಿನ ಮೇಲಿರುವ ಪೂರ್ತಿ ಹೆಸರು, ಮೊದಲ ಮತ್ತು ಕೊನೆಯ ಸಂಭಾಷಣೆ, ಇವಿಷ್ಟನ್ನೂ ಬರೆಯಿರಿ. ಎರಡು ಡಬ್ಬಿಂಗ್‌ಗಳನ್ನು ಬೇರ್ಪಡಿಸಲು ಸಂಭಾಷಣೆಯಷ್ಟು ಖಚಿತವಾದ ಗುರುತು ಬೇರೆ ಇಲ್ಲ.

ತಾಯಿಪತ್ರ ನೋಡುವುದು

ಸೈಟು ಕೊಳ್ಳುವವರು ತಾಯಿಪತ್ರದಿಂದ ಇಂದಿನ ಖಾತೆಯವರೆಗೆ ಒಂದೊಂದೇ ಕೈಬದಲನ್ನು ಹೇಗೆ ನೋಡುತ್ತಾರೋ ಇಲ್ಲಿಯೂ ಹಾಗೇ ನೋಡಬೇಕು. ಒಂದು ಕೊಂಡಿ ಕಳಚಿದ್ದರೂ ಮುಂದಿನದೆಲ್ಲ ಗಾಳಿಯಲ್ಲಿ ನಿಂತಂತೆ.

ಮೂಲ ಚಿತ್ರದ ಕಡೆಯಿಂದ ದಾರಿ ಸುಲಭ. ಟೋಹೋ ಇಂದಿಗೂ ತನ್ನ ಚಿತ್ರಗಳ ಒಡೆಯ. ದಾಯೇಯಿ ಸಂಗ್ರಹ ಈಗ ಕಡೊಕಾವಾ ಕಂಪನಿಯ ಬಳಿ ಇದೆ. ಕಷ್ಟ ಇರುವುದು ವಿತರಕರ ಕಡೆ. ಅಮೆರಿಕನ್ ಇಂಟರ್‌ನ್ಯಾಷನಲ್‌ನ ಸಂಗ್ರಹ ಫಿಲ್ಮ್‌ವೇಸ್‌ಗೆ, ಅಲ್ಲಿಂದ ಒರಾಯನ್‌ಗೆ, 1997ರಲ್ಲಿ ಎಂಜಿಎಂಗೆ ಹೋಯಿತು. ಆದರೆ ಸಂಗ್ರಹ ಕೈಬದಲಾಯಿಸಿದೆ ಎಂದ ಮಾತ್ರಕ್ಕೆ ಅದರೊಳಗಿನ ಪ್ರತಿ ಜಪಾನಿ ಚಿತ್ರದ ಹಕ್ಕೂ ಜೊತೆಗೆ ಹೋಯಿತು ಎಂದಲ್ಲ. ಎಷ್ಟೋ ಪರವಾನಗಿಗಳು ಇಂತಿಷ್ಟು ವರ್ಷಕ್ಕೆಂದು ಬರೆದವು. ಅವಧಿ ಮುಗಿದಾಗ ಚಿತ್ರ ಜಪಾನಿಗೆ ಮರಳಿತು. ಆಗ ಆ ಡಬ್ಬಿಂಗ್ ಏನಾಯಿತು ಎಂಬುದೇ ನೀವು ಕೇಳಬೇಕಾದ ಪ್ರಶ್ನೆ. ಮೂಲ ಕರಾರಿನಲ್ಲಿ “ಹೊಸದಾಗಿ ತಯಾರಾದ ಧ್ವನಿ ಅವಧಿ ಮುಗಿದ ಮೇಲೆ ಮೂಲ ಒಡೆಯರಿಗೆ ಸೇರತಕ್ಕದ್ದು” ಎಂಬ ಅರ್ಥದ ಸಾಲಿದ್ದರೆ ಟೋಹೋ ಒಬ್ಬರ ಸಹಿ ಸಾಕು. ಇಲ್ಲದಿದ್ದರೆ ಎರಡು ಸಹಿ ಬೇಕು. ಚಿತ್ರದ ಒಡೆಯರಿಂದ ಆ ಹಳೆಯ ಕರಾರಿನ ಆ ಒಂದು ಪುಟದ ಪ್ರತಿಯನ್ನಾದರೂ ತರಿಸಿಕೊಳ್ಳಿ.

‘ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲ್ಲಾ’ ಈ ಗಂಟಿಗೆ ಒಳ್ಳೆಯ ಉದಾಹರಣೆ. 1963ರ ಅಮೆರಿಕನ್ ಆವೃತ್ತಿ ಯೂನಿವರ್ಸಲ್ ಕೈಯಲ್ಲಿದೆ. 2019ರಲ್ಲಿ ಅಮೆರಿಕದ ಡಿಸ್ಕ್ ಕಂಪನಿ ಕ್ರೈಟೀರಿಯನ್ 15 ಗಾಡ್ಜಿಲ್ಲಾ ಚಿತ್ರಗಳ ದೊಡ್ಡ ಬ್ಲೂ-ರೇ ಸಂಗ್ರಹ ತಂದಾಗ ಮುಖ್ಯ ಸಾಲಿನಲ್ಲಿ ನಿಂತದ್ದು 91 ನಿಮಿಷದ ಆ ಆವೃತ್ತಿಯೇ. 97 ನಿಮಿಷದ ಜಪಾನಿ ಮೂಲ ಪೂರಕ ಸಾಮಗ್ರಿಯ ಜಾಗಕ್ಕೆ ಹೋಯಿತು. ಅಮೆರಿಕನ್ ಆವೃತ್ತಿಯಲ್ಲಿ ಅಕಿರಾ ಇಫುಕುಬೆ ಅವರ ಸಂಗೀತದ ಬಹುಪಾಲನ್ನು ತೆಗೆದು ಯೂನಿವರ್ಸಲ್‌ನ ಹಳೆಯ ಚಿತ್ರಗಳ ಸಂಗೀತ ತುಂಬಿದ್ದಾರೆ. ಅಂದರೆ ಸಂಗೀತದ ತಾಯಿಪತ್ರವೇ ಬೇರೆ. ಹೀಗೆ ಎಲ್ಲಿಂದಲೋ ತಂದು ಸೇರಿಸಿದ ಸಂಗೀತ ಮತ್ತು ಹಾಡುಗಳನ್ನು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಹೋಂ ವಿಡಿಯೋ ಅನುಮತಿ ಇದೆಯೇ ನೋಡಿ. ಆ ಕಾಲದ ಅನುಮತಿಗಳು ಚಿತ್ರಮಂದಿರ ಮತ್ತು ಟಿವಿಗೆ ಬರೆದವು. ಡಿಸ್ಕ್ ಎಂಬ ವಸ್ತುವನ್ನು ಯಾರೂ ಊಹಿಸಿರಲಿಲ್ಲ.

“ಹಕ್ಕಿನ ಅವಧಿ ಮುಗಿದಿದೆ” ಎಂಬ ಮಾತು

ಇದನ್ನು ಹೇಳುವವರು ಧಾರಾಳ ಸಿಗುತ್ತಾರೆ. 1980ರ ದಶಕದಲ್ಲಿ ‘ಗಾಡ್ಜಿಲ್ಲಾ ವರ್ಸಸ್ ಮೆಗಲಾನ್’ ಚಿತ್ರದ ಅಗ್ಗದ ಕ್ಯಾಸೆಟ್‌ಗಳು ಅಮೆರಿಕದಲ್ಲಿ ರಾಶಿ ಬಿದ್ದದ್ದು ಇದೇ ನಂಬಿಕೆಯ ಮೇಲೆ. ಅಂದಿನ ಅಮೆರಿಕನ್ ಕಾನೂನಿನಲ್ಲಿ ಕೃತಿಸ್ವಾಮ್ಯದ ಸೂಚನೆ ಹಾಕದಿದ್ದರೆ, ಅಥವಾ 1964ಕ್ಕಿಂತ ಮುಂಚಿನ ಕೃತಿಯನ್ನು 28ನೇ ವರ್ಷದಲ್ಲಿ ನವೀಕರಿಸದಿದ್ದರೆ ಹಕ್ಕು ಹೋಗುತ್ತಿತ್ತು. ಆದರೆ 1996ರ ಜನವರಿ 1ರಿಂದ, ಇಂಥ ಔಪಚಾರಿಕ ಲೋಪದಿಂದ ಬಿದ್ದುಹೋದ ವಿದೇಶಿ ಕೃತಿಗಳ ಹಕ್ಕನ್ನು, ತಾಯ್ನಾಡಿನಲ್ಲಿ ಅವು ಇನ್ನೂ ಜೀವಂತವಾಗಿದ್ದರೆ, ಅಮೆರಿಕ ಮರಳಿ ಕೊಟ್ಟಿತು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು.

ಬಲೆ ಇರುವುದು ಇಲ್ಲಿ. ಅಮೆರಿಕದಲ್ಲಿ ಸೇರಿಸಿದ ದೃಶ್ಯ, ಅಲ್ಲಿ ಮಾಡಿದ ಡಬ್ಬಿಂಗ್ ವಿದೇಶಿ ಕೃತಿಯಲ್ಲ. ಅದರ ಹಕ್ಕು ಬಿದ್ದಿದ್ದರೆ ಬಿದ್ದದ್ದೇ. ಆದರೆ ಅದರ ಕೆಳಗಿನ ಜಪಾನಿ ಚಿತ್ರದ ಹಕ್ಕು ಮರಳಿ ಬಂದಿದೆ. ಮೇಲಿನ ಪದರ ಸಾರ್ವಜನಿಕ, ಕೆಳಗಿನ ಪದರ ಖಾಸಗಿ. ಕೆಳಗಿನದನ್ನು ಮುಟ್ಟದೆ ಮೇಲಿನದನ್ನು ಡಿಸ್ಕ್‌ಗೆ ಒತ್ತುವುದು ಸಾಧ್ಯವೇ ಇಲ್ಲ. ಆದ್ದರಿಂದ ಅಮೆರಿಕದ ಮಾರುಕಟ್ಟೆಗಾದರೆ ಪ್ರಕಟಣೆಯ ವರ್ಷಕ್ಕೆ 95 ಸೇರಿಸಿ: 1954ರ ಚಿತ್ರ 2049ರ ಕೊನೆಯವರೆಗೆ.

ಜಪಾನಿನಲ್ಲಿ ಲೆಕ್ಕ ಬೇರೆ. ಅಲ್ಲಿ ಚಿತ್ರದ ಅವಧಿ 2004ರ ಜನವರಿಯಲ್ಲಿ 50ರಿಂದ 70 ವರ್ಷಕ್ಕೆ ಏರಿತು. 1953ರ ಚಿತ್ರಗಳಿಗೆ ಆ ಏರಿಕೆ ಸಿಗದು ಎಂದು 2007ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆದರೆ 1971ಕ್ಕಿಂತ ಮುಂಚಿನ ಚಿತ್ರಗಳಿಗೆ ಹಳೆಯ ಕಾನೂನಿನ ಇನ್ನೊಂದು ಬಾಗಿಲಿದೆ: ನಿರ್ದೇಶಕರನ್ನು ಕರ್ತೃವೆಂದು ಹಿಡಿದರೆ ಅವರ ಮರಣದ ನಂತರ 38 ವರ್ಷ. ಯಾವುದು ದೀರ್ಘವೋ ಅದೇ ನಿಲ್ಲುತ್ತದೆ. ಗಾಡ್ಜಿಲ್ಲಾದ ನಿರ್ದೇಶಕ ಇಶಿರೋ ಹೊಂಡಾ ತೀರಿಕೊಂಡದ್ದು 1993ರಲ್ಲಿ. ಈ ಲೆಕ್ಕದಲ್ಲಿ 2031ರ ಕೊನೆ. “70 ವರ್ಷ 2024ಕ್ಕೆ ಮುಗಿಯಿತಲ್ಲ” ಎಂದು ಹೊರಡುವವರು ಎಡವುವುದು ಈ ಹೊಸ್ತಿಲಲ್ಲೇ.

ಭಾರತದಲ್ಲಿ ಸಿನಿಮಾಕ್ಕೆ ಬಿಡುಗಡೆಯ ಮರುವರ್ಷದ ಆರಂಭದಿಂದ 60 ವರ್ಷ. ಅದರಂತೆ 1954ರ ಚಿತ್ರದ ಸಿನಿಮಾ ಹಕ್ಕು ಇಲ್ಲಿ 2014ರ ಕೊನೆಗೆ ತೀರಿತು. ಇದನ್ನು ಓದಿ ಹಿಗ್ಗಬೇಡಿ. ಕಥೆ ಮತ್ತು ಸಂಗೀತಕ್ಕೆ ಪ್ರತ್ಯೇಕ ಹಕ್ಕಿದೆ, ಅದು ಕರ್ತೃವಿನ ಮರಣಾನಂತರ 60 ವರ್ಷ. ಗಾಡ್ಜಿಲ್ಲಾದ ಸಂಗೀತಕಾರ ಇಫುಕುಬೆ ತೀರಿಕೊಂಡದ್ದು 2006ರಲ್ಲಿ, ಆದ್ದರಿಂದ 2066. ಗಾಡ್ಜಿಲ್ಲಾ ಎಂಬ ಹೆಸರು ಟ್ರೇಡ್‌ಮಾರ್ಕ್ ಆಗಿ ಟೋಹೋ ಬಳಿ ಇದೆ, ಅದಕ್ಕೆ ನವೀಕರಿಸುತ್ತಾ ಹೋದಷ್ಟು ಕಾಲ ಕೊನೆಯಿಲ್ಲ. ಇಲ್ಲಿ ಒತ್ತಿದ ಡಿಸ್ಕ್ ಅಮೆರಿಕದಲ್ಲಿರುವ ಗಿರಾಕಿಗೆ ಅಂಚೆಯಲ್ಲಿ ಹೋದರೆ ಅಲ್ಲಿನ ಕಾನೂನು ಕಾಯುತ್ತಿರುತ್ತದೆ. ಪರವಾನಗಿ ಪಡೆಯುವುದೇ ಸರಿಯಾದ ದಾರಿ.

ಕರಾರಿನ ಸಾಲುಗಳು

ಮಾಧ್ಯಮವನ್ನು ಒಂದೊಂದಾಗಿ ಹೆಸರಿಸಿ: ಡಿವಿಡಿ, ಬ್ಲೂ-ರೇ, 4ಕೆ ಡಿಸ್ಕ್, ಡೌನ್‌ಲೋಡ್, ಸ್ಟ್ರೀಮಿಂಗ್. “ಹೋಂ ವಿಡಿಯೋ” ಎಂಬ ಒಂದೇ ಪದ ಹಾಕಿ ಬಿಟ್ಟರೆ ಮುಂದೆ ಜಗಳ ಖಚಿತ. ಗಾಂಧಿನಗರದಲ್ಲಿ ಸ್ಯಾಟಲೈಟ್ ಹಕ್ಕು, ಡಬ್ಬಿಂಗ್ ಹಕ್ಕು, ಡಿಜಿಟಲ್ ಹಕ್ಕು ಬೇರೆ ಬೇರೆ ಬಿಕರಿಯಾಗುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ಭಾರತದ ಕಾಯ್ದೆಯಡಿ ಪರವಾನಗಿ ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾನೂನೇ ತುಂಬಿಕೊಳ್ಳುತ್ತದೆ.

ಪ್ರದೇಶದ ಜೊತೆ ಡಿಸ್ಕ್ ರೀಜನ್ ಕೂಡ ಬರೆಯಿರಿ. ಬ್ಲೂ-ರೇಯಲ್ಲಿ ಜಪಾನ್ ಮತ್ತು ಅಮೆರಿಕ ಎರಡೂ ‘ಎ’ ವಲಯ, ಭಾರತ ‘ಸಿ’. ಅಮೆರಿಕದ ಅಗ್ಗದ ಡಿಸ್ಕ್ ಜಪಾನಿನ ಪ್ಲೇಯರ್‌ನಲ್ಲಿ ಓಡುವುದರಿಂದ, ಜಪಾನಿ ಧ್ವನಿ ಹಾಕಿದಾಗ ಸಬ್‌ಟೈಟಲ್ ತೆಗೆಯಲಾಗದಂತೆ ಮಾಡಿ ಎಂಬ ಷರತ್ತು ಬರಬಹುದು. ಡಿಸ್ಕ್‌ನ ಮೆನು ಕಟ್ಟಿಸುವ ಮೊದಲೇ ಇದು ಇತ್ಯರ್ಥವಾಗಲಿ.

ಹಣದ ಲೆಕ್ಕವನ್ನು ಒಮ್ಮೆ ಕೈಯಿಂದಲೇ ಮಾಡಿ ನೋಡಿ. ಉದಾಹರಣೆಗೆ ಸಗಟು ದರ 12 ಡಾಲರ್, ರಾಯಧನ ಶೇ 20, ಕನಿಷ್ಠ ಖಾತರಿ ಮೊತ್ತ (ಎಷ್ಟೇ ಮಾರಾಟವಾದರೂ ಒಡೆಯರಿಗೆ ಕೊಡಲೇಬೇಕಾದ ರಾಯಧನ) 6,000 ಡಾಲರ್ ಎಂದಿಟ್ಟುಕೊಳ್ಳಿ. ಪ್ರತಿ ಡಿಸ್ಕ್‌ಗೆ ರಾಯಧನ 2.40 ಡಾಲರ್, ಖಾತರಿ ಮೊತ್ತ ಹುಟ್ಟಲು 2,500 ಡಿಸ್ಕ್ ಮಾರಬೇಕು. ಕರಾರಿನಲ್ಲಿ ಒತ್ತುವ ಮಿತಿ 2,000 ಎಂದಿದ್ದರೆ, ಎಲ್ಲ ಮಾರಿದರೂ ಖಾತರಿ ಹುಟ್ಟುವುದಿಲ್ಲ. ಈ ಎರಡು ಸಂಖ್ಯೆಗಳು ಬೇರೆ ಬೇರೆ ಪುಟದಲ್ಲಿರುತ್ತವೆ, ಹಾಗಾಗಿ ಕಣ್ತಪ್ಪುತ್ತದೆ. ಭಾರತದಿಂದ ಜಪಾನಿಗೆ ಕಟ್ಟುವ ರಾಯಧನಕ್ಕೆ ಒಪ್ಪಂದದ ಪ್ರಕಾರ ಶೇ 10 ತೆರಿಗೆ ಹಿಡಿಯಬೇಕು. “ತೆರಿಗೆ ಕಳೆದು 6,000 ಕೈಸೇರತಕ್ಕದ್ದು” ಎಂಬ ಸಾಲಿದ್ದರೆ ನಿಮಗೆ ಬೀಳುವುದು ಸುಮಾರು 6,667.

ಅವಧಿ ಮುಗಿದ ಮೇಲೆ ಉಳಿದ ದಾಸ್ತಾನು ಮಾರಲು 6 ತಿಂಗಳಾದರೂ ಕೇಳಿ. ಹೊದಿಕೆಯ ಚಿತ್ರ, ಹೆಸರಿನ ಅಕ್ಷರ ವಿನ್ಯಾಸ, ಪೆಟ್ಟಿಗೆಯ ಮೇಲಿನ ಸಾಲು, ಎಲ್ಲಕ್ಕೂ ಒಡೆಯರ ಒಪ್ಪಿಗೆ ಬೇಕಾಗುತ್ತದೆ. ಎಷ್ಟು ದಿನದೊಳಗೆ ಉತ್ತರ ಕೊಡಬೇಕು ಎಂಬುದನ್ನು ಬರೆಸದಿದ್ದರೆ ನಿಮ್ಮ ಅವಧಿ ಕಾಯುವುದರಲ್ಲೇ ಕರಗುತ್ತದೆ.

ಧ್ವನಿ ಸಿಕ್ಕರೂ ಚಿತ್ರಕ್ಕೆ ಕೂರದಿದ್ದಾಗ

ಹಕ್ಕು ಕೊಟ್ಟವರ ಬಳಿ ಹಳೆಯ ಡಬ್ಬಿಂಗ್‌ನ ಟೇಪು ಇರದಿರುವುದು ಮಾಮೂಲು. ಆಗ 35 ಎಂಎಂ ಅಥವಾ 16 ಎಂಎಂ ಪ್ರಿಂಟಿನ ಅಂಚಿನಲ್ಲಿರುವ ಆಪ್ಟಿಕಲ್ ಧ್ವನಿಯೇ ಗತಿ. ಯಾವ ಸಾಮಗ್ರಿ, ಯಾರ ಖರ್ಚಿನಲ್ಲಿ, ಎಷ್ಟು ದಿನದೊಳಗೆ ಎಂಬುದು ಕರಾರಿನಲ್ಲಿರಲಿ. ಅದನ್ನು ಹೊಸ ಜಪಾನಿ ಸ್ಕ್ಯಾನ್‌ಗೆ ಜೋಡಿಸುವಾಗ ತಪ್ಪಿನ ಬಗೆ ನೋಡಿ ಕಾರಣ ಹೇಳಬಹುದು.

ಮೊದಲಿನಿಂದ ಕೊನೆವರೆಗೆ ಒಂದೇ ಸಮ ಸುಮಾರು ಮುಕ್ಕಾಲರಿಂದ ಒಂದು ಸೆಕೆಂಡಿನಷ್ಟು ಅಂತರವಿದ್ದರೆ, ಆಪ್ಟಿಕಲ್ ಧ್ವನಿಯ ಮುಂಚಲನೆಯನ್ನು ಸರಿಪಡಿಸಿಲ್ಲ: 35 ಎಂಎಂನಲ್ಲಿ ಧ್ವನಿ ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದಿರುತ್ತದೆ, 16 ಎಂಎಂನಲ್ಲಿ 26. ಅಂತರ ನಿಧಾನವಾಗಿ ಬೆಳೆಯುತ್ತಾ 90 ನಿಮಿಷಕ್ಕೆ 5.4 ಸೆಕೆಂಡ್ ಆದರೆ, ಒಂದು 24 ಫ್ರೇಮ್ ವೇಗದಲ್ಲಿದೆ, ಇನ್ನೊಂದು 23.976ರಲ್ಲಿದೆ. ಧ್ವನಿ 86 ನಿಮಿಷ 24 ಸೆಕೆಂಡಿಗೇ ಮುಗಿದು ಎಲ್ಲರ ಕಂಠವೂ ತುಸು ಕೀರಲಾಗಿದ್ದರೆ ಅದು ಸೆಕೆಂಡಿಗೆ 25 ಫ್ರೇಮ್ ಓಡುವ ಪಾಲ್ ಪದ್ಧತಿಯ ಟಿವಿ ಟೇಪಿನಿಂದ ಬಂದದ್ದು, ಶೇ 4ರಷ್ಟು ನಿಧಾನಿಸಿ. ಸರಿಯಾಗಿ ಓಡುತ್ತಿದ್ದದ್ದು ಥಟ್ಟನೆ ಜಿಗಿದರೆ ಅಲ್ಲಿ ಪ್ರಿಂಟು ಹರಿದು ಅಂಟಿಸಿದ್ದಾರೆ. ಇಂಥ ಜಿಗಿತ ಸುಮಾರು 20 ನಿಮಿಷಕ್ಕೊಮ್ಮೆ, ರೀಲು ಬದಲಾಗುವಲ್ಲಿ ಹೆಚ್ಚು. ಅಮೆರಿಕದವರು ಕತ್ತರಿಸಿದ್ದ ದೃಶ್ಯಗಳಿಗೆ ಡಬ್ಬಿಂಗ್ ಇರುವುದೇ ಇಲ್ಲ. ಅಲ್ಲಿ ಜಪಾನಿ ಧ್ವನಿಗೆ ಹೊರಳಿ ಸಬ್‌ಟೈಟಲ್ ಕೊಡಿ. ಹೊಸ ದನಿಯಲ್ಲಿ ತುಂಬಿಸಿದರೆ ಹಳೆಯ ಡಬ್ಬಿಂಗ್‌ಗೆ ಮನಸೋತು ಕೊಂಡವರಿಗೆ ಅನ್ಯಾಯವಾಗುತ್ತದೆ.

ಭಾರತದಲ್ಲಿ ಮಾರುವುದಾದರೆ ಕೃತಿಸ್ವಾಮ್ಯ ಕಾಯ್ದೆಯ 52ಎ ಕಲಂ ಪ್ರಕಾರ ಚಿತ್ರ ಓಡುವಾಗಲೂ ಪೆಟ್ಟಿಗೆಯ ಮೇಲೂ ಸೆನ್ಸಾರ್ ಪ್ರಮಾಣಪತ್ರದ ಪ್ರತಿ, ತಯಾರಿಸಿದವರ ಹೆಸರು ವಿಳಾಸ, ಒಡೆಯರ ಅನುಮತಿ ಪಡೆದಿರುವ ಘೋಷಣೆ, ಒಡೆಯರ ಹೆಸರು ವಿಳಾಸ ಇರಬೇಕು. ತಪ್ಪಿದರೆ 3 ವರ್ಷದವರೆಗೆ ಸಜೆ, ದಂಡ ಬೇರೆ. ಆ ಪ್ರಮಾಣಪತ್ರ ನೀವು ಒತ್ತುತ್ತಿರುವ ಆವೃತ್ತಿಯದ್ದೇ, ಅದೇ ನಿಮಿಷಗಳದ್ದೇ ಆಗಿರಲಿ. ಕಾರ್ಖಾನೆಯಿಂದ ಪರೀಕ್ಷಾ ಡಿಸ್ಕ್ ಬಂದ ದಿನ, ಮೊದಲ ಹಾಳೆಯಲ್ಲಿ ಬರೆದಿಟ್ಟ ಮೊದಲ ಮತ್ತು ಕೊನೆಯ ಸಂಭಾಷಣೆಯನ್ನು ಕೈಯಲ್ಲಿ ಹಿಡಿದು, ಎರಡೂ ಧ್ವನಿಗಳಲ್ಲಿ ಪ್ರತಿ ರೀಲಿನ ಆರಂಭವನ್ನು ಕೇಳಿ ನೋಡಿದ ನಂತರವೇ ಒತ್ತಲು ಒಪ್ಪಿಗೆ ಕೊಡಿ.