ತಾರಸಿಗೆ ಸೋಲಾರ್: ಅರ್ಜಿ ಹಾಕುವ ಮುನ್ನ ನಿಮ್ಮ ಹಕ್ಕು ತಿಳಿದಿರಲಿ

ಮನೆ ಮೇಲೆ ಸೋಲಾರ್ ಹಾಕಿಸಲು ಬಹಳ ಜನ ಹಿಂಜರಿಯುವುದು ಖರ್ಚಿಗಷ್ಟೇ ಅಲ್ಲ, ಕಚೇರಿ ಅಲೆದಾಟಕ್ಕೂ. 2024ರಲ್ಲಿ ಕೇಂದ್ರ ಸರ್ಕಾರ ಈ ಎರಡಕ್ಕೂ ದಾರಿ ಮಾಡಿತು. ‘ಪಿಎಂ ಸೂರ್ಯ ಘರ್’ ಯೋಜನೆಯಲ್ಲಿ ಸಹಾಯಧನ ಕೊಟ್ಟಿತು. ಅದೇ ವರ್ಷ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಿದ್ದಿ ಎಸ್ಕಾಂಗಳಿಗೆ, ಅಂದರೆ ಮನೆಗೆ ಕರೆಂಟ್ ಕೊಡುವ ಬೆಸ್ಕಾಂನಂಥ ಕಂಪನಿಗಳಿಗೆ, ಗಡುವು ಬಿಗಿ ಮಾಡಿತು. ಸಹಾಯಧನದ ಜಾಹೀರಾತು ಎಲ್ಲೆಡೆ ಕಾಣುತ್ತದೆ. ಗಡುವಿನ ಮಾತು ಯಾರೂ ಹೇಳುವುದಿಲ್ಲ.

ಮೊದಲು ಒಂದು ವರ್ಷದ ಕರೆಂಟ್ ಬಿಲ್ ಮುಂದಿಟ್ಟುಕೊಳ್ಳಿ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದರೆ ಸಾಲ ಮಾಡಿ ಹಾಕಿಸಬೇಡಿ ಎಂದೇ ಹೇಳುತ್ತೇನೆ. ತಿಂಗಳಿಗೆ 200 ಯೂನಿಟ್ ದಾಟುವ ಮನೆಗೆ ಲಾಭ ಜಾಸ್ತಿ. ಒಂದು ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ ಸುಮಾರು 4 ಯೂನಿಟ್ ಕೊಡುತ್ತದೆ. ಅದಕ್ಕೆ ಹೆಚ್ಚುಕಡಿಮೆ 100 ಚದರ ಅಡಿ ಜಾಗ ಬೇಕು. ತೆಂಗಿನ ಮರ, ನೀರಿನ ಟ್ಯಾಂಕಿನ ನೆರಳು ಅಲ್ಲಿ ಬೀಳಬಾರದು.

ಆಮೇಲೆ ಯೋಜನೆಯ ಪೋರ್ಟಲ್‌ನಲ್ಲಿ ನೋಂದಾಯಿಸಿ, ನಿಮ್ಮ ಎಸ್ಕಾಂ ಆರಿಸಿ, ಬಿಲ್‌ನಲ್ಲಿರುವ ಗ್ರಾಹಕ ಸಂಖ್ಯೆ ತುಂಬಿ. ಮೀಟರ್ ಇನ್ನೂ ತೀರಿಕೊಂಡ ತಾತನ ಹೆಸರಲ್ಲೇ ಇದೆಯಾ? ಹಾಗಿದ್ದರೆ ಮೊದಲು ಅದನ್ನು ಸರಿ ಮಾಡಿಸಿ.

ಇಲ್ಲಿ ನಿಯಮ ನಿಮ್ಮ ಪರ ಇದೆ. 10 ಕಿಲೋವ್ಯಾಟ್‌ವರೆಗಿನ ಅರ್ಜಿ ಸರಿಯಾಗಿ ತುಂಬಿದ್ದರೆ ತಾಂತ್ರಿಕ ಪರಿಶೀಲನೆ ಇಲ್ಲದೆಯೇ ಒಪ್ಪಿಗೆಯಾದಂತೆ. ಮಂಜೂರಾದ ಲೋಡ್ (ನಿಮ್ಮ ಮನೆಗೆ ಎಸ್ಕಾಂ ಒಪ್ಪಿರುವ ಕಿಲೋವ್ಯಾಟ್ ಮಿತಿ) ಕಮ್ಮಿ ಇದೆ ಎಂದು ಅರ್ಜಿ ತಿರಸ್ಕರಿಸುವಂತಿಲ್ಲ, ಬೇಕಾದಷ್ಟು ಲೋಡ್ ಏರಿಸಿದಂತೆಯೇ ಲೆಕ್ಕ. 5 ಕಿಲೋವ್ಯಾಟ್‌ವರೆಗೆ ಲೈನು, ಟ್ರಾನ್ಸ್‌ಫಾರ್ಮರ್ ಬಲಪಡಿಸುವ ಖರ್ಚೂ ಎಸ್ಕಾಂನದೇ.

ಮುಂದೆ ಗುತ್ತಿಗೆದಾರರ ಆಯ್ಕೆ. ಪೋರ್ಟಲ್‌ನಲ್ಲಿ ನೋಂದಾಯಿತರಾದವರನ್ನೇ ಹಿಡಿಯಿರಿ, ಎರಡು ಮೂರು ಕಡೆ ದರ ಕೇಳಿ. ಸಹಾಯಧನಕ್ಕೆ ಭಾರತದಲ್ಲೇ ತಯಾರಾದ ಸೆಲ್ ಮತ್ತು ಪ್ಯಾನೆಲ್ ಕಡ್ಡಾಯ. ಇದನ್ನು ಬರವಣಿಗೆಯಲ್ಲಿ ಪಡೆಯಿರಿ, ಬಾಯಿಮಾತು ಬೇಡ. ಸಹಾಯಧನ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಅಂದರೆ ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಈ ಹಣ ಕೆಲಸವೆಲ್ಲ ಮುಗಿದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಆದ್ದರಿಂದ ಅಲ್ಲಿಯವರೆಗಿನ ದುಡ್ಡು ಹೊಂದಿಸಿಕೊಂಡಿರಬೇಕು. ಅಡಮಾನವಿಲ್ಲದ ಕಡಿಮೆ ಬಡ್ಡಿಯ ಬ್ಯಾಂಕ್ ಸಾಲವೂ ಸಿಗುತ್ತದೆ.

ಒಂದು ಮಾತು ಮೊದಲೇ ಗೊತ್ತಿರಲಿ. ಗ್ರಿಡ್‌ಗೆ, ಅಂದರೆ ಎಸ್ಕಾಂ ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್‌ಮನ್ ಕಂಬದ ಮೇಲಿದ್ದಾಗ ನಿಮ್ಮ ಮನೆಯಿಂದ ಕರೆಂಟ್ ಹರಿಯಬಾರದು, ಅಲ್ವಾ?

ಪ್ಯಾನೆಲ್ ಕೂರಿಸಿದ ಮೇಲೆ ಕೆಲಸ ಮುಗಿದ ಪ್ರಮಾಣಪತ್ರ ಸಲ್ಲಿಸಿ. ಆ ದಿನದಿಂದ 15 ದಿನದೊಳಗೆ ಎಸ್ಕಾಂ ಒಪ್ಪಂದಕ್ಕೆ ಸಹಿ ಮಾಡಿ, ಮೀಟರ್ ಹಾಕಿ ಚಾಲೂ ಮಾಡಬೇಕು. ಹಿಂದೆ ಇದು 30 ದಿನವಿತ್ತು. ನೆಟ್ ಮೀಟರ್ ಎರಡೂ ಕಡೆ ಎಣಿಸುತ್ತದೆ: ನೀವು ತೆಗೆದುಕೊಂಡದ್ದು, ನೀವು ಕೊಟ್ಟದ್ದು. ವ್ಯತ್ಯಾಸಕ್ಕಷ್ಟೇ ಬಿಲ್.

ಪ್ರತಿ ಹಂತದ ಅರ್ಜಿ ಸಂಖ್ಯೆ, ತಾರೀಕು, ರಸೀದಿ ಇಟ್ಟುಕೊಳ್ಳಿ. ಗಡುವು ಮೀರಿದರೆ ಮೊದಲು ಎಸ್ಕಾಂಗೆ ಲಿಖಿತ ದೂರು ಕೊಡಿ. ಅಲ್ಲಿ ಆಗದಿದ್ದರೆ 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಇರುವ ಗ್ರಾಹಕರ ಕುಂದುಕೊರತೆ ವೇದಿಕೆಗೆ ಹೋಗಬಹುದು. ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ.